ಲ್ಯಾಪ್‌ಟಾಪ್ ರಾತ್ರಿ ಹನ್ನೊಂದಕ್ಕೇ ಎದ್ದು ಕೂತಿತ್ತು

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಮನೆಯಲ್ಲಿ ರೇಷ್ಮೆ ಬೆಳೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಹಣ್ಣಾಗೋವರೆಗೆ, ಗೂಡು ಕಟ್ಟೋ ಹದಕ್ಕೆ ಬರೋವರೆಗೆ, ತಿನ್ನೋದೇ ತಿನ್ನೋದು. ಇಡೀ ಬೆಳೆಗೆ ಬೇಕಾಗೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ವಾರಕ್ಕೇ ಹೋಗುತ್ತೆ. ಬಿಸಿಲೇರೋ ಮೊದಲು ಸೊಪ್ಪು ಕೊಯ್ದು ತಂದು ಹಾಕಿ ನಾನು ಕೆಲಸಕ್ಕೆ ಬಸ್ಸು ಹಿಡಿಯಬೇಕು. ನಾಲ್ಕೂವರೆಗೆ ಏಳದಿದ್ದರೆ ಎಲ್ಲಾ ಕೆಟ್ಟಿತು.

ಮೊಬೈಲ್ ಅಲಾರಂ ನನಗೆ ಆಗಿಬರಲ್ಲ. ನಿದ್ದೆಗಣ್ಣಲ್ಲೇ ಕೈ ಹೋಗಿ ಆರಿಸಿಬಿಡುತ್ತೆ, ಬೆಳಗ್ಗೆ ನೆನಪೂ ಇರಲ್ಲ. ಹಾಗಾಗಿ ನಡುಮನೆಯಲ್ಲಿರೋ ಹಳೇ ಲಿನಕ್ಸ್ ಲ್ಯಾಪ್‌ಟಾಪಿಗೆ ಈ ಕೆಲಸ ವಹಿಸೋಣ ಅಂದುಕೊಂಡೆ. ಬ್ಯಾಟರಿ ಇನ್ನೂ ಜೀವದಿಂದಿತ್ತು, ಕರೆಂಟು ಹೋದರೂ ಚಿಂತೆಯಿಲ್ಲ.

ಮೊದಲು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡಿಸೋ ಲಿನಕ್ಸಿನ ಕ್ರಾನ್‌ನಲ್ಲಿ ನಾಲ್ಕೂವರೆಗೆ ಹಾಡು ಹಚ್ಚೋ ಒಂದು ಸಾಲು ಬರೆದೆ. ಮೊದಲ ದಿನವೇ ಕೈಕೊಟ್ಟಿತು. ಲ್ಯಾಪ್‌ಟಾಪ್ ಸಸ್ಪೆಂಡ್ ಆಗಿ ಮಲಗಿದರೆ ಕ್ರಾನೂ ಅದರ ಜೊತೆಗೇ ಮಲಗಿರುತ್ತೆ, ಇನ್ನು ನನ್ನನ್ನು ಎಬ್ಬಿಸೋದು ಯಾರು? ಎಲ್ಲಾ ಮಲಗಿದಾಗಲೂ ಎಚ್ಚರವಾಗಿರೋದು ಮದರ್‌ಬೋರ್ಡಿನ ಗಡಿಯಾರ, ಅಂದರೆ ಆರ್‌ಟಿಸಿ. ಅದಕ್ಕೆ ಹೊತ್ತು ಹೇಳಿಟ್ಟರೆ ಅದು ಯಂತ್ರವನ್ನು ಎಬ್ಬಿಸುತ್ತೆ. ಸಿಸ್ ಫೋಲ್ಡರಿನಡಿ ವೇಕ್‌ಅಲಾರಂ ಅನ್ನೋ ಫೈಲಿದೆ, ಏಳಬೇಕಾದ ಹೊತ್ತನ್ನು ಸೆಕೆಂಡುಗಳ ಲೆಕ್ಕದಲ್ಲಿ ಅದರೊಳಗೆ ಬರೆಯಬೇಕು. ಡೇಟ್ ಕಮಾಂಡಿನಿಂದ ಆ ಸಂಖ್ಯೆ ತೆಗೆದು ಬರೆದು, ಹತ್ತು ಗಂಟೆಗೆ ಸಸ್ಪೆಂಡ್ ಮಾಡಿ ಮಲಗಿದೆ.

"ಲೋ, ನಿನ್ನ ಪೆಟ್ಟಿಗೆ ಗುಯ್ ಅಂತಿದೆ ನೋಡೋ" ಅಂತ ಅಪ್ಪ ಎಬ್ಬಿಸಿದಾಗ ಗಂಟೆ ಹನ್ನೊಂದು. ಮಾರನೇ ದಿನ ಹನ್ನೊಂದೂಕಾಲಿಗೆ ಮಲಗಿದೆ. ಅವತ್ತು ಏಳಲೇ ಇಲ್ಲ, ಅದೂ ಇಲ್ಲ, ನಾನೂ ಇಲ್ಲ. ಬೇಗ ಮಲಗಿದರೆ ಹನ್ನೊಂದಕ್ಕೆ ಏಳುತ್ತೆ, ತಡವಾದರೆ ಏಳೋದೇ ಇಲ್ಲ. ಇದೇನು ಗ್ರಹಚಾರ ಅಂತ ಸೊಪ್ಪಿನ ಕಟ್ಟು ಹೊರುತ್ತಾ ಯೋಚಿಸ್ತಿದ್ದಾಗ ಹೊಳೀತು: ನಾಲ್ಕೂವರೆಯಿಂದ ಹಿಂದಕ್ಕೆ ಎಣಿಸಿದರೆ ಹನ್ನೊಂದಕ್ಕೆ ಸರಿಯಾಗಿ ಐದೂವರೆ ಗಂಟೆ. ನಮ್ಮ ದೇಶದ ಕಾಲಮಾನಕ್ಕೂ ಯುಟಿಸಿ ಅನ್ನೋ ಜಾಗತಿಕ ಕಾಲಮಾನಕ್ಕೂ ಇರೋ ಅಂತರವೇ ಅದು!

ಆ ಯಂತ್ರದಲ್ಲಿ ವಿಂಡೋಸೂ ಇದೆ. ಅದರ ಗಡಿಯಾರ ತಪ್ಪದಿರಲಿ ಅಂತ ಆರ್‌ಟಿಸಿಯನ್ನು ಎಂದೋ ನಾನೇ ಸ್ಥಳೀಯ ಸಮಯಕ್ಕೆ ಇಟ್ಟು ಮರೆತಿದ್ದೆ. ಲಿನಕ್ಸಿನ ತಿರುಳಾದ ಕರ್ನಲ್ ಮಾತ್ರ ಅದನ್ನು ಯುಟಿಸಿ ಅಂತಲೇ ಓದುತ್ತೆ. ಬೆಳಗಿನ ನಾಲ್ಕೂವರೆ ಯುಟಿಸಿಯಲ್ಲಿ ಹಿಂದಿನ ರಾತ್ರಿಯ 23:00. ನಮ್ಮ ಹನ್ನೊಂದಕ್ಕೇ ಆರ್‌ಟಿಸಿ 23:00 ತೋರಿಸಿತು, ಎದ್ದು ಕೂತಿತು. ಹನ್ನೊಂದು ದಾಟಿದ ಮೇಲೆ ಬರೆದರೆ ಅದು ಮುಗಿದುಹೋದ ಹೊತ್ತು, ಅಲಾರಂ ಸೆಟ್ಟೇ ಆಗಲ್ಲ. ಟೈಮ್‌ಡೇಟ್‌ಸಿಟಿಎಲ್‌ನಿಂದ ಆರ್‌ಟಿಸಿಯನ್ನು ಯುಟಿಸಿಗೆ ತಿರುಗಿಸಿದೆ. ಈಗ ವಿಂಡೋಸಿನಲ್ಲಿ ಗಂಟೆ ತಪ್ಪು ತೋರಿಸುತ್ತೆ, ತೋರಿಸಲಿ, ಅದನ್ನು ತೆರೆಯೋದೇ ಅಪರೂಪ.

ಫೈಲಿಗೆ ಬರೆಯೋ ಸಾಹಸವನ್ನೂ ಬಿಟ್ಟು ಆರ್‌ಟಿಸಿವೇಕ್ ಕಮಾಂಡಿಗೆ ಬಂದೆ. ಅದು ಎರಡೂ ಗಡಿಯಾರ ಹೋಲಿಸಿ ಅಂತರವನ್ನು ತಾನೇ ಸರಿಮಾಡಿಕೊಳ್ಳುತ್ತೆ, ಮಲಗಿಸೋ ಕೆಲಸವನ್ನೂ ಮಾಡುತ್ತೆ. ಮೊದಲೇ ಇದನ್ನು ಹಿಡಿದಿದ್ದರೆ ಎರಡು ರಾತ್ರಿ ಉಳಿಯುತ್ತಿತ್ತು. ಇದನ್ನೆಲ್ಲ ಒಂದರ ಹಿಂದೊಂದು ಮಾಡಿಸೋ ಕಮಾಂಡುಗಳ ಫೈಲು, ಅಂದರೆ ಸ್ಕ್ರಿಪ್ಟು, ಬರೆದಿದ್ದೀನಿ. ಅದರಲ್ಲಿ ಆರ್‌ಟಿಸಿವೇಕ್ ಸಾಲಿಗೆ ಮಾತ್ರ ಸುಡೋ (sudo), ಅಂದರೆ ರೂಟ್ ಅನ್ನೋ ಯಜಮಾನ ಲಾಗಿನ್ನಿನ ಅಧಿಕಾರದಲ್ಲಿ ಓಡಿಸೋ ಕಮಾಂಡು, ಹಾಕಿದ್ದೀನಿ. ಇಡೀ ಸ್ಕ್ರಿಪ್ಟನ್ನೇ ಸುಡೋದಲ್ಲಿ ಓಡಿಸಿದ ದಿನ ಯಂತ್ರ ಎದ್ದಿತು, ಸದ್ದು ಬರಲಿಲ್ಲ. ಸೌಂಡ್ ಸರ್ವರ್ ಓಡೋದು ನನ್ನ ಲಾಗಿನ್ನಿನಲ್ಲಿ, ರೂಟ್‌ಗೆ ಅದು ಸಿಗಲ್ಲ. ಎದ್ದ ಮೇಲಿನ ಸಾಲು ಮ್ಯೂಟ್ ತೆಗೆದು ವಾಲ್ಯೂಮ್ ಏರಿಸುತ್ತೆ, ಅದರ ಮುಂದಿನದು ನಾದಸ್ವರ ನುಡಿಸುತ್ತೆ. ಪರದೆ ಮುಚ್ಚಬಾರದು, ಇಯರ್‌ಫೋನ್ ಸಿಕ್ಕಿಸಿಡಬಾರದು. ಇವೆರಡನ್ನೂ ಒಂದೊಂದು ಸಲ ಎಡವಿಯೇ ಕಲಿತೆ.

ಇನ್ನೊಂದು ಎಡವಟ್ಟು 'ನಾಳೆ ನಾಲ್ಕೂವರೆ' ಅನ್ನೋ ಮಾತಿನಲ್ಲೇ ಇತ್ತು. ಹನ್ನೆರಡು ದಾಟಿ ಮಲಗಿದ ರಾತ್ರಿ ಡೇಟ್ ಕಮಾಂಡಿಗೆ ನಾಳೆ ಅಂದರೆ ನಿಜವಾಗಿಯೂ ನಾಳೆಯೇ, ನನ್ನ ಪಾಲಿಗೆ ಅದು ನಾಡಿದ್ದು. ಈಗ ಸ್ಕ್ರಿಪ್ಟ್ ಇವತ್ತಿನ ನಾಲ್ಕೂವರೆ ಕಳೆದಿದೆಯೇ ಅಂತ ನೋಡಿ, ಕಳೆದಿದ್ದರಷ್ಟೇ ನಾಳೆಗೆ ಹೋಗುತ್ತೆ. ಬದಲಾಯಿಸಿದಾಗೆಲ್ಲ ಎರಡು ನಿಮಿಷದಾಚೆಯ ಹೊತ್ತು ಕೊಟ್ಟು, ಮಲಗಿಸಿ, ಎದುರಿಗೇ ಕೂತು ನೋಡ್ತೀನಿ.

ನಾದಸ್ವರ ನಿಲ್ಲಬೇಕಾದರೆ ಎರಡಂಕಿಯ ಒಂದು ಕೂಡೋ ಲೆಕ್ಕಕ್ಕೆ ಸರಿಯುತ್ತರ ಟೈಪ್ ಮಾಡಬೇಕು. ನಾನು ಕಣ್ಣುಜ್ಜಿಕೊಂಡು ಎಣಿಸೋಷ್ಟರಲ್ಲಿ ಒಳಗಿಂದ ಅಮ್ಮ ಉತ್ತರ ಕೂಗಿರ್ತಾರೆ, "ಎಂಬತ್ತಮೂರು ಕಣೋ, ಒತ್ತೋ ಬೇಗ!"