ಸಾಲ್ವಿಯಾಗೆ ನೀರು ಕಮ್ಮಿ ಹಾಕಿ, ಕತ್ತರಿ ಜಾಸ್ತಿ ಆಡಿಸಿ

ಸಾಲ್ವಿಯಾ ಗಿಡ ಒಣಗಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಹೆಚ್ಚು. ನನ್ನ ಮೊದಲ ನೀಲಿ ಸಾಲ್ವಿಯಾ ಹೋಗಿದ್ದೂ ಹಾಗೇ. ಎಲೆ ಬಾಡಿತ್ತು, ನೀರು ಸಾಲದೇನೋ ಅಂತ ಇನ್ನೂ ಸುರಿದೆ, ಕಿತ್ತು ನೋಡಿದರೆ ಬೇರೆಲ್ಲಾ ಕಪ್ಪಗಾಗಿತ್ತು. ಅದಕ್ಕೇ ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ. ಮೇಲಿನ ಒಂದಿಂಚು ಒಣಗಿದ್ದರೆ ಮಾತ್ರ ನೀರು, ಅದೂ ಬುಡಕ್ಕೆ. ಜಿಗುಟು ಮಣ್ಣಾದರೆ ಕಾಂಪೋಸ್ಟ್ ಚೆನ್ನಾಗಿ ಬೆರೆಸಿ, ಮಡಿಯನ್ನು ಸ್ವಲ್ಪ ಎತ್ತರ ಮಾಡಿ. ಗೊಬ್ಬರ ಅತಿಯಾದರೆ ಸೊಪ್ಪು ಬೆಳೆಯುತ್ತೆ, ಹೂ ಬರಲ್ಲ.

ಇದು ತುಳಸಿ, ಪುದೀನ ಇರುವ ಕುಟುಂಬದ ಗಿಡ. ಕಾಂಡ ಮುಟ್ಟಿ ನೋಡಿ, ನಾಲ್ಕು ಮೂಲೆ ಸಿಗುತ್ತೆ. ಸುಮಾರು 1000 ಜಾತಿಗಳಿವೆ, ಆದರೆ ಶುರು ಮಾಡೋಕೆ ಕೆಂಪು ಸ್ಪ್ಲೆಂಡೆನ್ಸ್, ನೀಲಿ ಫಾರಿನೇಸಿಯಾ ಸಾಕು, ಎರಡಕ್ಕೂ ಒಂದಡಿ ಅಂತರ ಕೊಡಿ. ಮಖಮಲ್ಲಿನಂಥ ನೇರಳೆ ತೆನೆ ಬಿಡುವ ಲ್ಯುಕಾಂತಾ ಮಾತ್ರ ಪೊದೆಯಾಗಿ ಹರಡುತ್ತೆ, ಅದಕ್ಕೆ ಮೂರಡಿ ಜಾಗ ಬೇಕು. ದಿನಕ್ಕೆ 6 ಗಂಟೆ ಬಿಸಿಲು ಬಿದ್ದರೆ ಚೆನ್ನ. ಮಧ್ಯಾಹ್ನದ ಬಿಸಿಲು ಉರಿಯುವಂತಿದ್ದರೆ ಕೆಂಪು ಜಾತಿಗೆ ಆಗ ಸ್ವಲ್ಪ ನೆರಳು ಒಳ್ಳೆಯದು.

ಕೆಂಪು ಸಾಲ್ವಿಯಾ ಬೀಜ ಮೊಳೆಯೋಕೆ ಬೆಳಕು ಬೇಕು. ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿ, ಮುಚ್ಚಬೇಡಿ. ಎರಡು ವಾರದೊಳಗೆ ಮೊಳಕೆ ಕಾಣುತ್ತೆ.

ಸಸಿಗೆ ಮೂರು ಜೊತೆ ಎಲೆ ಬಂದಾಗ ಕುಡಿ ಚಿವುಟಿಬಿಡಿ. ಮನಸ್ಸು ಬರಲ್ಲ, ಗೊತ್ತು. ಆದರೆ ಚಿವುಟದ ಗಿಡ ಒಂದೇ ಕಡ್ಡಿಯಾಗಿ ಉದ್ದ ಹೋಗುತ್ತೆ, ಚಿವುಟಿದ್ದು ಕವಲೊಡೆದು ಪೊದೆಯಾಗುತ್ತೆ, ಪ್ರತಿ ಕವಲಿಗೂ ಒಂದೊಂದು ತೆನೆ. ತೆನೆ ಮಾಸಿದ ಮೇಲೆ ಅದರ ಕೆಳಗಿನ ಎಲೆಜೋಡಿಯ ಮೇಲಕ್ಕೆ ಕತ್ತರಿಸಿ, ಹೊಸ ಹೂ ಬರುತ್ತೆ. ಸ್ಪ್ಲೆಂಡೆನ್ಸಿನಲ್ಲಿ ಹೂ ಉದುರಿದರೂ ಹೂಬಟ್ಟಲು ಕೆಂಪಾಗೇ ಇರುತ್ತೆ, ಅದರ ಬಣ್ಣ ಹೋಗುವವರೆಗೆ ಬಿಟ್ಟರೂ ನಡೆಯುತ್ತೆ. ಲ್ಯುಕಾಂತಾ ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡ. ಆ ಕಾಲ ಹತ್ತಿರ ಬಂದಾಗ ಕತ್ತರಿಸಿದರೆ ಆ ವರ್ಷದ ಹೂವೇ ಹೋಯ್ತು.

ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಡಿ. ಜೇನುನೊಣ ಬರುತ್ತೆ ಅಲ್ವಾ, ಎಷ್ಟೋ ಸಾಲ್ವಿಯಾಗಳ ಹೂವೊಳಗೆ ಪುಟ್ಟ ಸನ್ನೆಕೋಲಿನಂಥ ಏರ್ಪಾಡಿದೆ. ನೊಣ ಮಕರಂದಕ್ಕೆ ತಲೆ ತೂರಿಸಿದರೆ ಕೇಸರ ಬಾಗಿ ಅದರ ಬೆನ್ನಿಗೆ ಪರಾಗ ಸವರುತ್ತೆ. ಬೆಳಿಗ್ಗೆ ಹೂವಿನ ಹತ್ತಿರ ಸುಮ್ನೆ ಕೂತು ನೋಡಿ.

ಇನ್ನೊಂದು ಗಿಡ ಬೇಕಾದರೆ ಹೂವಿಲ್ಲದ ಎಳೆ ಕಡ್ಡಿ ನಾಲ್ಕಿಂಚು, ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ. ಬೇರು ಬಂತಾ ಅಂತ ದಿನಾ ಎಳೆದು ನೋಡಬೇಡಿ, ಹೊಸ ಚಿಗುರು ಬರುವವರೆಗೆ ಕಾಯಿರಿ.