'ಸಾಯಲಿಲ್ಲ' ಅಂದರೆ 'ಸಾಯಲಿ' ಅಂತ ಕೇಳಿಸಬಾರದು

ರಂಗಶಾಲೆಗೆ ಹೊಸದಾಗಿ ಬಂದವರಿಗೆಲ್ಲ ದನಿ ಸಾಲದು ಅನ್ನುವ ಚಿಂತೆ. ನನ್ನ ಪ್ರಕಾರ ದನಿ ಸಾಕಷ್ಟಿರುತ್ತದೆ, ತುದಿಯಲ್ಲಿ ಉಸಿರು ಇರುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, 'ಇಲ್ಲ' ಅದಕ್ಕೂ ಕೊನೆಗೆ. 'ನಿನ್ನ ಮಗ ಯುದ್ಧದಲ್ಲಿ ಸಾಯಲಿಲ್ಲ' ಅನ್ನುವಾಗ ಕೊನೆಯ 'ಲ್ಲ' ನುಂಗಿಹೋದರೆ ಹಿಂದೆ ಕೂತವರಿಗೆ ಕೇಳಿಸುವುದು ಶಾಪ!

ನಾನು ಮಾಡಿಕೊಂಡು ಬಂದ ತಾಲೀಮು ಹೀಗಿದೆ. ಬೆಳಗ್ಗೆ ತಿಂಡಿಗೆ ಮುಂಚೆ 20 ನಿಮಿಷ. ಅಂಗಾತ ಮಲಗಿ ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಳ್ಳುವುದು. ನಾಲ್ಕು ಎಣಿಸುತ್ತ ಉಸಿರೆಳೆದಾಗ ಪುಸ್ತಕ ಏಳಬೇಕು, ಹೆಗಲು ಏಳಕೂಡದು. 'ಸ್' ಅನ್ನುತ್ತ ಒಂದೇ ಸಮ ಬಿಡುವುದು. ಶುರುವಿನಲ್ಲಿ 12 ಸೆಕೆಂಡಿಗೇ ಸಾಕಾಗುತ್ತದೆ. 25 ದಾಟಿದ ಮೇಲೆ ಮಾತಿಗೆ ಕೈಹಾಕುವುದು.

ಮಾತನ್ನು ಬಾಲದಿಂದ ಕಟ್ಟುತ್ತೇನೆ: 'ಸಾಯಲಿಲ್ಲ', 'ಯುದ್ಧದಲ್ಲಿ ಸಾಯಲಿಲ್ಲ', 'ನಿನ್ನ ಮಗ ಯುದ್ಧದಲ್ಲಿ ಸಾಯಲಿಲ್ಲ'. ಹತ್ತು ಸಲ ಹೀಗೆ ಹೇಳಿದರೆ ಉಸಿರು ತುದಿಗೆ ಉಳಿಯುವುದನ್ನು ತಾನೇ ಕಲಿಯುತ್ತದೆ. ಸ್ಕ್ರಿಪ್ಟಿನಲ್ಲಿ ಪೆನ್ಸಿಲ್ಲಿನಿಂದ ಅರ್ಧ ಉಸಿರಿಗೆ ಒಂದು ಗೀಟು, ಪೂರ್ತಿ ಉಸಿರಿಗೆ ಎರಡು. ಕೊನೆಯ ಪದವನ್ನು ಒತ್ತಿ, ಏರಿಸಿ ಹೇಳಲು ಹೋಗಬಾರದು. ಅದು ಮಗ್ಗಿ ಒಪ್ಪಿಸಿದ ಹಾಗಾಗುತ್ತದೆ.

ನಮ್ಮ ಕಡೆ 'ಹಾಲು' 'ಆಲು' ಆಗುವುದುಂಟು. ರಾಜನ ಪಾತ್ರಕ್ಕೆ ಅದನ್ನು ತಿದ್ದಲೇಬೇಕು. ರೈತನ ಪಾತ್ರಕ್ಕೆ ಯಾಕೆ ತಿದ್ದುತ್ತಾರೋ ನನಗಂತೂ ತಿಳಿಯದು.

ಶಾಲೆಯ ಹಾಲ್‌ನಲ್ಲಿ ಕಲಿತದ್ದು ತಿರುಗಾಟದಲ್ಲಿ ಅಲ್ಲಾಡುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರದಂಥ ತಂಡದಲ್ಲಿ ಊರು ಬದಲಾದಂತೆ ರಂಗವೂ ಬದಲು. ಸೆಟ್ ಇಳಿಸಿದ ಕೂಡಲೇ ಒಬ್ಬರು ಕೊನೆಯ ಸಾಲಿಗೆ ಹೋಗಿ ನಿಲ್ಲಬೇಕು, ಇನ್ನೊಬ್ಬರು ರಂಗದ ಮೂರು ಕಡೆಯಿಂದ ಒಂದೊಂದು ಮಾತು ಹೇಳಬೇಕು. ಖಾಲಿ ಹಾಲ್ ಗುಂಯ್ ಅನ್ನುತ್ತದೆ, ಜನ ತುಂಬಿದರೆ ದನಿ ಹೀರಿಕೊಳ್ಳುತ್ತದೆ. ಬಯಲಾದರೆ ಗಾಳಿಯ ದಿಕ್ಕನ್ನೂ ನೋಡಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಎದುರುಗಾಳಿಗೆ ಕಿರುಚಿದರೆ ಗಂಟಲು ಹರಿಯುತ್ತದೆ. ವೇಗ ತಗ್ಗಿಸಿ ವ್ಯಂಜನ ಬಿಡಿಸಿ ಹೇಳಿದರೆ ಮಾತು ಮುಟ್ಟುತ್ತದೆ.

ಹಳ್ಳಿ ಸ್ಟೇಜಿನಲ್ಲಿ ಮುಂದಿನ ಅಂಚಿಗೆ ಎರಡೋ ಮೂರೋ ಮೈಕ್. ಶಾಲೆಯಲ್ಲಿ ಕಲಿತವರು ಎದುರಿನ ಪಾತ್ರದತ್ತ ಪೂರ್ತಿ ತಿರುಗುತ್ತಾರೆ, ಅರ್ಧ ಮಾತು ಸೈಡ್‌ವಿಂಗಿಗೆ ಹೋಗುತ್ತದೆ. ಕಂಪನಿ ನಾಟಕದವರು ಜನರಿಗೆ ಮುಖಕೊಟ್ಟು ನಿಲ್ಲುವುದನ್ನು ಆಡಿಕೊಳ್ಳುವ ಮುನ್ನ ಇದನ್ನು ಯೋಚಿಸಬೇಕು. ಕಣ್ಣು ಎದುರಿನವರ ಮೇಲೆ, ಎದೆ ಜನರ ಕಡೆ ಓರೆಯಾಗಿ: ಇಷ್ಟು ಸಾಕು.

ಸತತ ಪ್ರಯೋಗಗಳಲ್ಲಿ ದನಿ ಕಟ್ಟಿದರೆ ಉಗುರುಬೆಚ್ಚಗಿನ ನೀರು, ಮೌನ. ಪಿಸುಗುಟ್ಟುವುದೂ ಬೇಡ, ಅದೂ ಗಂಟಲಿಗೆ ದಣಿವೇ. ಊಟಕ್ಕೆ ಏನು ಬೇಕೆಂದು ಚೀಟಿಯಲ್ಲಿ ಬರೆದು ತೋರಿಸಿದರಾಯಿತು.