ಹಳ್ಳದ ನೀರಿನಿಂದ ಕಲ್ಲಿನ ಲೆಕ್ಕ

ಹಳ್ಳದ ನೀರಲ್ಲಿ ಪೊಟ್ಯಾಶಿಯಂ ಕಡಿಮೆ ಇದ್ದರೆ ಕಲ್ಲು ಅದನ್ನು ಕೊಡುತ್ತಿಲ್ಲ ಅಂತಲ್ಲ. ಗಿಡವೂ ಜೇಡಿಯೂ ಅದನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಕಲ್ಲು ಕರಗಿ ಎಷ್ಟು ಪೊಟ್ಯಾಶಿಯಂ ಕೊಡುತ್ತದೆಂದು ನೀರಿನಿಂದಲೇ ತಿಳಿಯಲು ಚಿತ್ರದುರ್ಗದ ಗ್ರಾನೈಟ್ ಗುಡ್ಡದ ಒಂದು ಹಳ್ಳಕ್ಕೆ ಲೆಕ್ಕದ ಮಾದರಿ ಕಟ್ಟುವಾಗ ನನಗೆ ಮುಖ್ಯ ಅನಿಸಿದ್ದು ಇದೇ.

ನೀರು ಹಿಡಿದದ್ದು ಹೊಲಗಳಿಗಿಂತ ಮೇಲೆ. ಕಾರಣ ಇದೆ. ಪೊಟ್ಯಾಶ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ, ನನ್ನ ಲೆಕ್ಕ ನಿಂತಿರುವುದೇ ಕ್ಲೋರೈಡ್ ಮೇಲೆ. ಗ್ರಾನೈಟ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನೀರಲ್ಲಿರುವುದೆಲ್ಲ ಮಳೆಯಿಂದ ಬಂದದ್ದು ಅಂತ ಹಿಡಿಯಬಹುದು. ಹಳ್ಳದ ಕ್ಲೋರೈಡ್ ಮಳೆಯದಕ್ಕಿಂತ 8 ಪಟ್ಟು ಇದೆ ಅಂದುಕೊಳ್ಳಿ. ಎಂಟರಲ್ಲಿ ಏಳು ಪಾಲು ನೀರು ಆವಿಯಾಗಿದೆ ಅಂತಾಯಿತು. ಮಳೆಯ ಸೋಡಿಯಂ ಅನ್ನೂ 8ರಿಂದ ಗುಣಿಸಿ ಹಳ್ಳದ ಸೋಡಿಯಂನಿಂದ ಕಳೆದರೆ, ಉಳಿದದ್ದು ಕಲ್ಲಿನದು. ನಮ್ಮಂಥ ಒಣ ಸೀಮೆಯಲ್ಲಿ ಈ ಹೆಜ್ಜೆ ಬಿಟ್ಟರೆ ಎಲ್ಲ ಅಂಕಿಯೂ ಸುಮ್ನೆ ಉಬ್ಬುತ್ತವೆ.

ಸೋಡಿಯಂ ಗಿಡಕ್ಕೆ ಹೆಚ್ಚು ಬೇಡ. ಹಾಗಾಗಿ ಅದು ಪ್ಲೇಜಿಯೋಕ್ಲೇಸ್ (ಗ್ರಾನೈಟ್‌ನಲ್ಲಿ ಸೋಡಿಯಂ, ಕ್ಯಾಲ್ಸಿಯಂ ಎರಡೂ ಇರುವ ಖನಿಜ) ಎಷ್ಟು ಕರಗಿತೆಂದು ನೇರವಾಗಿ ಹೇಳುತ್ತದೆ. ಅದರ ಸೋಡಿಯಂ ಪಾಲು ಕೆಯೊಲಿನ್ ಜೇಡಿಯಾಗುವಾಗ ಒಂದು ಸೋಡಿಯಂಗೆ ಎರಡು ಸಿಲಿಕಾ ಹೊರಬರಬೇಕು. ನೀರಲ್ಲಿ ಸಿಲಿಕಾ ಅಳೆದು ತಾಳೆ ನೋಡಬಹುದು. 1967ರಲ್ಲಿ ಭೂರಸಾಯನ ವಿಜ್ಞಾನಿಗಳಾದ ಗ್ಯಾರೆಲ್ಸ್ ಮತ್ತು ಮೆಕೆಂಜಿ ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳ ಊಟೆ ನೀರನ್ನು ಹೀಗೇ, ಯಾವ ಖನಿಜ ಎಷ್ಟು ಕರಗಿತೆಂದು ಹಿಂದಕ್ಕೆ ಬಿಡಿಸಿದ್ದರು. ಈಗ ಉಚಿತವಾಗಿ ಸಿಗುವ ಫ್ರೀಕ್ಸಿ (PHREEQC) ತಂತ್ರಾಂಶ ಈ ಹಿಮ್ಮುಖ ಲೆಕ್ಕ ಮಾಡಿಕೊಡುತ್ತದೆ. ಆದರೂ ಮೊದಲ ಸಲ ಕೈಯಲ್ಲೇ ಮಾಡಿ ಅಂತ ನಾನು ಹೇಳ್ತೀನಿ.

ಕ್ಯಾಲ್ಸಿಯಂ ಮಾತ್ರ ಪ್ಲೇಜಿಯೋಕ್ಲೇಸ್ ಕೊಡಬಹುದಾದದ್ದಕ್ಕಿಂತ ಬಹಳ ಜಾಸ್ತಿ ಬಂತು. ಮಣ್ಣಿನಲ್ಲಿರುವ ಸುಣ್ಣದ ಗಂಟುಗಳೇ ಕಾರಣ. ಅವು ಬೇಸಿಗೆಯಲ್ಲಿ ಕಟ್ಟುತ್ತವೆ, ಮಳೆಗೆ ಬೇಗ ಕರಗುತ್ತವೆ. ಅದನ್ನು ಕಲ್ಲಿನ ಹೊಸ ಆದಾಯ ಅಂತ ಬರೆಯಬಾರದು.

ಪೊಟ್ಯಾಶಿಯಂಗೆ ನಾನು ಹಿಡಿದ ದಾರಿ ಮೆಗ್ನೀಶಿಯಂ. ನಮ್ಮ ಕಲ್ಲಿನಲ್ಲಿ ಅದು ಹೆಚ್ಚಾಗಿ ಕಪ್ಪು ಅಭ್ರಕದಲ್ಲೇ ಇದೆ. ನೀರಿಗೆ ಬಂದ ಮೆಗ್ನೀಶಿಯಂಗೆ ಎಷ್ಟು ಅಭ್ರಕ ಕರಗಬೇಕೋ, ಅದರ ಪೊಟ್ಯಾಶಿಯಂ ಎಷ್ಟೋ ಅಷ್ಟನ್ನು ಲೆಕ್ಕಕ್ಕೆ ಹಿಡಿದೆ. ಇದು ಕನಿಷ್ಠ ಅಂಕಿ. ಅಭ್ರಕದ ಪದರಗಳಿಂದ ಮೊದಲು ಜಾರುವುದೇ ಪೊಟ್ಯಾಶಿಯಂ ಅಲ್ವಾ?

ಈ ಅಂಕಿಯನ್ನು ಕೆಳಗಿನ ಹೊಲಗಳಿಗೆ ಒಯ್ಯುವಾಗ ಮೆಕ್ಕೆಜೋಳದ ದಂಟನ್ನೂ ಸೇರಿಸಿದೆ. ಬೆಳೆ ಹೀರಿದ ಪೊಟ್ಯಾಶಿಯಂನ ಬಹುಪಾಲು ದಂಟಿನಲ್ಲೇ ಇರುತ್ತದೆ. ದಂಟು ಹೊಲದಲ್ಲೇ ಉಳಿದರೆ ಒಂದು ಲೆಕ್ಕ, ಕೊಟ್ಟಿಗೆಗೆ ಹೋದರೆ ಇನ್ನೊಂದು.